ಅಂಗಳದ ಆಚೆ ತುದಿಯಿಂದ

ಬಂಡೆವರ್ಷ ೨೧೪, ಎರಡನೆಯ ತಂಪುತಿಂಗಳು

ಪೂಜ್ಯ ಗೌರವ್ವಜ್ಜಿಗೆ, ನಿಮ್ಮ ಮರಿಮೊಮ್ಮಗಳ ಮರಿಮೊಮ್ಮಗಳು, ನಿಮ್ಮಂತೆಯೇ ಚಿಕ್ಕ ಮಕ್ಕಳ ಟೀಚರ್ ಆಗಿರುವ ಶರಣವ್ವನ ನಮಸ್ಕಾರ.

ನಿಮ್ಮ ಕಾಲದ ಕನ್ನಡ ನನಗೆ ಪುಸ್ತಕದಿಂದ ಬಂದದ್ದು. ಎಡವಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಮೇಲೆ ಬಿಸಿಲು ತಡೆಯಲಾಗದೆ ನಾವೆಲ್ಲ ಆನೆಗೊಂದಿಯ ಬಂಡೆಗಳ ಕೆಳಗೆ ಕೊರೆದ ಕೋಣೆಗಳಲ್ಲಿದ್ದೇವೆ. ಪ್ರತಿಯೊಬ್ಬರ ಕಿವಿಯಲ್ಲೂ ಜೋಳದ ಕಾಳಿನಷ್ಟು ಚಿಕ್ಕ ಮಾತುಮಣಿ ಇದೆ. ಯಾರು ಎಲ್ಲಿ ಪಿಸುಗುಟ್ಟಿದರೂ ಪಕ್ಕದಲ್ಲೇ ಕೂತು ಹೇಳಿದಂತೆ ಕೇಳಿಸುತ್ತದೆ. ಹಾಗಾಗಿ ಇಲ್ಲಿ ಯಾರೂ ಯಾರನ್ನೂ ಕೂಗಿ ಕರೆಯುವುದಿಲ್ಲ. ಮಕ್ಕಳ ಬಾಯಲ್ಲಿ ದೀರ್ಘಾಕ್ಷರಗಳು ಸವೆದುಹೋಗಿವೆ. ಯುಗಾದಿಯೊಳಗೆ ಒಂದು ಮಗುವಾದರೂ ಎಳೆದು ಹೇಳದಿದ್ದರೆ ಆ ಅಕ್ಷರಗಳನ್ನು ಪಾಠದಿಂದಲೇ ಕೈಬಿಡುತ್ತೇವೆ ಎಂದಿದ್ದಾರೆ ಶಾಲಾ ಸಮಿತಿಯವರು. ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಹಲಗೆಯ ಮೇಲೆ ಇ, ಈ ಜೋಡಿಯಾಗಿ ಬರೆದೆ. ಹ್ರಸ್ವಕ್ಕೆ ಒಂದು ಚಪ್ಪಾಳೆ, ದೀರ್ಘಕ್ಕೆ ಎರಡು ಹೊಡೆಸಿದೆ. ಚಪ್ಪಾಳೆ ಎರಡು ಬಿದ್ದವು, ದನಿ ಮಾತ್ರ ಒಂದಕ್ಕೇ ನಿಂತಿತು. ಹುಲಿಗೆಮ್ಮ ಎಂಬ ಆರು ವರ್ಷದ ತಲೆಹರಟೆ ಕೇಳಿದಳು: "ಪಕ್ಕದಗ ಕುಂತಿರಲ್ರಿ ಟಿಚರ್, ಎಳದು ಯಕ ಹೆಳ್ಬೆಕು?" ಅವಳು ಹೇಳಿದ ಹಾಗೇ ಬರೆದಿದ್ದೇನೆ.

ಆಗ, ನಮ್ಮ ಮನೆಯಲ್ಲಿ ತಾಯಿಯಿಂದ ಮಗಳಿಗೆ ಬಂದಿರುವ ನಿಮ್ಮ ನೋಟ್‌ಬುಕ್ ತೆಗೆದೆ. "ದೀರ್ಘ ಬಾರದ ಮಗುವನ್ನು ಅಂಗಳದ ಆಚೆ ತುದಿಗೆ ನಿಲ್ಲಿಸಿ, ಬೇಕಾದವರನ್ನು ಕರೆಯಲು ಹೇಳಬೇಕು" ಎಂದು ಬರೆದಿದ್ದೀರಿ. ಅಂಗಳ ಎಂದರೆ ಏನೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಅದರ ಬದಲು ನೀರು ಬತ್ತಿದ ಸುರಂಗಕ್ಕೆ ಹುಲಿಗೆಮ್ಮನನ್ನು ಕರೆದೊಯ್ದೆ. ಇಬ್ಬರ ಮಣಿಯನ್ನೂ ತೆಗೆದಿಟ್ಟು, ನನ್ನನ್ನು ಕರೆ ಎಂದು ಹೇಳಿ ಇನ್ನೂರು ಹೆಜ್ಜೆ ನಡೆದು ನಿಂತೆ. ಏನೂ ಕೇಳಿಸಲಿಲ್ಲ. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಹುಡುಗಿ ಹೆದರಿದಳೇನೋ ಎಂದು ಇನ್ನೇನು ಹಿಂದಿರುಗಬೇಕು, ಅಷ್ಟರಲ್ಲಿ ಸುರಂಗದುದ್ದಕ್ಕೂ ಹರಿದು ಬಂತು.

"ಅವ್ವಾ..."

ಅಜ್ಜಿ, ಅವಳು ಕರೆದದ್ದು ಟೀಚರ್ ಎಂದಲ್ಲ. ನನಗೆ ಮಕ್ಕಳಿಲ್ಲ. ಹಾಗೆ ನನ್ನನ್ನು ಯಾರೂ ಕರೆದವರಿಲ್ಲ. ಪಾಠ ಗೆದ್ದಿತ್ತು, ಸಮಿತಿಯವರ ಬಾಯಿ ಮುಚ್ಚಿಸಬಹುದಿತ್ತು. ಆದರೂ ನಾನು ಓಗೊಡಲಿಲ್ಲ. ಇನ್ನೊಮ್ಮೆ ಕರೆಯಲಿ ಎಂದು ಸುಮ್ಮನೆ ನಿಂತೆ. ಹೆದರಿದ ಮಗುವನ್ನು ಕಾಯಿಸಿದ್ದು ತಪ್ಪೇ. ಅವಳು ಮತ್ತೆ ಕರೆದಳು. ಓಡಿಹೋಗಿ ಎತ್ತಿಕೊಂಡೆ.

ನಿಮ್ಮ ಕಾಲದಲ್ಲಿ ಇಂಥ ಕರೆ ದಿನವೂ ಕಿವಿಗೆ ಬೀಳುತ್ತಿತ್ತಂತೆ, ಬೇಸರವಾಗುವಷ್ಟು. ನಿಮ್ಮಲ್ಲಿ ಒಂದೇ ಬೇಡಿಕೆ. ಈ ಸಂಜೆ ಅಂಗಳದಿಂದ ಯಾವುದಾದರೂ ಮಗು ನಿಮ್ಮನ್ನು ಕರೆದರೆ ಕೂಡಲೇ ಓಗೊಡಬೇಡಿ. ಇನ್ನೊಂದು ಸಲ ಕರೆಯಲಿ. ಆ ಎರಡನೆಯ ಕರೆ ನನ್ನ ಪಾಲಿನದು.