ಸಾಹೇಬರು ಬಂದಾಗಷ್ಟೇ ಹಾಕುವ ಜಾಲರಿ

ತಮ್ಮಾ,

ಫ್ಯಾಕ್ಟರಿಗೆ ನೀನು ಮ್ಯಾನೇಜರ್, ನನಗೆ ತಮ್ಮ. ಅದಕ್ಕೇ ಮುಖಕ್ಕೆ ಹೊಡೆದ ಹಾಗೆ ಬರೀತಿದ್ದೀನಿ.

ಕಂಪನಿಗಿರೋ ಅಪಾಯಗಳ ಬಗ್ಗೆ ಸಭೆಯಲ್ಲಿ ಭಾಷಣ ಬಿಗಿದೆಯಂತೆ: ಎಲ್ಲೋ ಯುದ್ಧ, ಎಲ್ಲೋ ಹಡಗು ತಡ, ಡಾಲರ್ ಏರಿಳಿತ. ಕಣ್ಣೆದುರಿಗಿರೋ ಪ್ರೆಸ್ ಮಷೀನ್ ನೆನಪಾಗಲಿಲ್ವಾ? ಹೊರದೇಶದ ಸಾಹೇಬರು ನೋಡೋಕೆ ಬಂದಾಗ ಅದಕ್ಕೆ ರಕ್ಷಣೆಯ ಜಾಲರಿ ಹಾಕಿಸ್ತೀಯ. ಅವರ ಕಾರು ಗೇಟು ದಾಟಿದ ಕೂಡಲೇ, ಕೆಲಸ ನಿಧಾನ ಆಗುತ್ತೆ ಅಂತ ಬಿಚ್ಚಿಸ್ತೀಯ. ನಿಮ್ಮ ಭಾವನ ಬಲಗೈ ಹೋಗಿದ್ದು ಹಾಗೆ ಬಿಚ್ಚಿಸಿದ ದಿನವೇ.

ಈಗ ‘ತಪ್ಪೆಲ್ಲ ನನ್ನದೇ’ ಅಂತ ಸಹಿ ಹಾಕೋಕೆ ಅವರಿಗೇ ಕಾಗದ ಕಳಿಸಿದ್ದೀಯಲ್ಲ, ನಾಚಿಕೆ ಆಗಲ್ವಾ?

ಮೊದಲು ಆ ಜಾಲರಿ ಹಾಕಿಸು. ಆ ಮಷೀನಿನಡಿ ಈಗ ಇನ್ಯಾರದೋ ಕೈಯಿದೆ.

ನಿಮ್ಮ ಭಾವ ಎಡಗೈಲಿ ಸಹಿ ಹಾಕೋದು ಕಲೀತಿದ್ದಾರೆ. ಮೊದಲ ಸಹಿ ನಿನ್ನ ಮೇಲಿನ ಪೊಲೀಸ್ ದೂರಿಗೆ.

ಸದ್ಯಕ್ಕೆ ನಿನ್ನ,
ಅಕ್ಕ