ಹಿಂಬಾಗಿಲಿಗೊಂದು ಪ್ರಾರ್ಥನೆ

ಮಾರ್ಚ್ ೧೪, ಬುಧವಾರ

ಬೀಗರ ಬೀಗ ಕೊನೆಗೂ ತೆರೆಯಿತು. ಕಳ್ಳತನದ ಭಯಕ್ಕೆ ಅವರು ತಮ್ಮ ಹೊಲಿಗೆ ಕಾರ್ಖಾನೆಯ ಹಿಂಬಾಗಿಲನ್ನು ಕೆಲಸದ ಹೊತ್ತಿನಲ್ಲೂ ಬೀಗ ಹಾಕಿಸಿಡುತ್ತಿದ್ದರು. ಒಳಗೆ ಬಟ್ಟೆಯ ರಾಶಿ, ಇಸ್ತ್ರಿಯ ಕಾವು, ಅಷ್ಟು ಜನ ಹೆಂಗಸರು. ಬೆಂಕಿ ಬಿದ್ದರೆ? ಆದರೆ ನಮ್ಮ ಮಗಳು ಆ ಮನೆಯ ಸೊಸೆ. ನಾವು ಬಾಯಿಬಿಟ್ಟರೆ ಅವಳಿಗೆ ಕಷ್ಟವೆಂದು ನಾನು ಬಾಯಿಗೂ ಬೀಗ ಹಾಕಿಕೊಂಡಿದ್ದೆ.

ಇಂದು ಚರ್ಚಿನ ಪ್ರಾರ್ಥನಾ ಕೂಟದಲ್ಲಿ ನನ್ನವಳ ಸರದಿ ಬಂತು. ನಮ್ಮ ಸಭೆಯಲ್ಲಿ ಒಬ್ಬರು ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ಬೇರೆಯವರು ಬಾಯಿ ಹಾಕುವಂತಿಲ್ಲ. ಮಹಾತಾಯಿ ಅದನ್ನೇ ಹಿಡಿದಳು.

"ಕರ್ತನೇ, ನಮ್ಮ ಬೀಗರು ಸಭೆಗೆ ಹೊಸ ಚಾವಣಿ ಹಾಕಿಸಿಕೊಟ್ರು, ನಿನಗೆ ಸ್ತೋತ್ರ. ಅವರ ಕಾರ್ಖಾನೆ ಹೆಂಗಸರೂ ನಿನ್ನ ಮಕ್ಕಳೇ ಅಲ್ವಾ? ಹಿಂಬಾಗಿಲು ತೆಗೆಸೋ ಮನಸ್ಸು ಕೊಡಪ್ಪಾ."

ಎಲ್ಲರೂ "ಆಮೆನ್" ಎಂದರು. ನಮ್ಮಲ್ಲಿ ಅದಕ್ಕೆ 'ಆಮೇಲೆ ನೋಡೋಣ' ಎಂದೇ ಅರ್ಥ. ಆದರೆ ಅಭ್ಯಾಸಬಲದಿಂದ ಎಲ್ಲರಿಗಿಂತ ಗಟ್ಟಿಯಾಗಿ ಅಂದವರು ಬೀಗರು!

ಕೂಟ ಮುಗಿದ ಮೇಲೆ ಬೀಗರು ಮೆಟ್ಟಿಲ ಬಳಿ ನನ್ನವಳನ್ನು ತಡೆದರು. "ಏನ್ ಬೀಗಿತ್ತಿ, ದೇವರ ಹತ್ರಾನೇ ಚಾಡಿ ಹೇಳ್ಬಿಟ್ರಲ್ಲ!"

"ನಿಮ್ಮ ಹತ್ರ ಹೇಳಿದ್ರೆ ಕಾಫಿ ಕೊಟ್ಟು ಕಳಿಸ್ತಿದ್ರಿ, ಅಣ್ಣಾ."

ಅವರು ನಗಲಿಲ್ಲ. ಅಲ್ಲಿಂದಲೇ ಕಾರ್ಖಾನೆಯ ಕಾವಲುಗಾರನಿಗೆ ಫೋನು ಮಾಡಿದರು. "ಹಿಂದಿನ ಬೀಗ ತೆಗಿ. ನಾಳೆ ಅಲ್ಲಯ್ಯಾ, ಈಗ್ಲೇ. ಆಮೆನ್ ಅಂದಾಗಿದೆ."

ಆಮೇಲೆ ಮಗಳ ಫೋನು. "ಅಪ್ಪಾ, ಗಾಬರಿ ಬೇಡ. ಮಾವ ನಗ್ತಾನೇ ಊಟ ಮಾಡಿದ್ರು. ನೀವೂ ಮಾಡಿ."

ಎರಡು ಸಲ ಬಡಿಸಿಕೊಂಡೆ. ಕಣ್ಣು ಎಳೆಯುತ್ತಿದೆ. ರಾತ್ರಿ ಪಾಳಿಯ ಹೆಂಗಸರ ಬೆನ್ನಿಗೆ ಈಗ ಹಿಂಬಾಗಿಲಿನಿಂದ ತಣ್ಣನೆಯ ಗಾಳಿ ಬರುತ್ತಿರಬೇಕು...