ಅಪ್ಪನ ಗರಗಸದ ಹಲ್ಲು

೧೪-೧೦-೧೯೮೩, ಶುಕ್ರವಾರ. ಬಿಬವೇವಾಡಿ

ಸಿಟ್ಟು ಇನ್ನೂ ಇಳಿದಿಲ್ಲ. ದಸರೆಯ ಖಂಡೆಪೂಜೆಯಲ್ಲಿ ಆಯುಧಗಳ ಜೊತೆ ಇಡಬೇಕೆಂದು ತಮ್ಮ ಹಣಮಂತ್ರಾಯ ನನ್ನನ್ನು ಕೇಳದೆ ಅಪ್ಪನ ಗರಗಸವನ್ನು ಪೇಟೆಗೆ ಒಯ್ದು ಹಲ್ಲು ಮಸೆಸಿ ತಂದಿದ್ದಾನೆ. ಅದು ಎಳೆದಾಗ ಕೊಯ್ಯುವ ಗರಗಸ. ಊರಲ್ಲಿ ತೊಟ್ಟಿಲುಗಳಿಗೆ, ಈ ಕಡೆ ಬಂದ ಮೇಲೆ ದೇಹೂ ರೋಡಿನಲ್ಲಿ ಬಾಗಿಲುಗಳಿಗೆ ಮರ ಕೊಯ್ದು ಸವೆದದ್ದು. ಅಪ್ಪ ಇದ್ದಷ್ಟು ದಿನ ಅದರ ಹಲ್ಲನ್ನು ತಾನೇ ಮಸೆಯುತ್ತಿದ್ದ, ಇನ್ನೊಬ್ಬರ ಕೈಗೆ ಕೊಟ್ಟವನೇ ಅಲ್ಲ. ಈಗ ಹಲ್ಲನ್ನೆಲ್ಲ ಅರದಿಂದ ಹೊಸದಾಗಿ ಕೊರೆದು, ಕಾರ್ಖಾನೆಯಲ್ಲಿ ಮಾಡಿದ ಗರಗಸದ ಹಾಗೆ ಮುಂದಕ್ಕೆ ತಿರುಗಿಸಿದ್ದಾರೆ.

"ಈಗ ಎಲ್ಲಾರೂ ನೂಕಿನೇ ಕೊಯ್ತಾರಣ್ಣ. ಹೊಸದರಂಗ ಆಗ್ಯದ ನೋಡು" ಅಂದ.

ಹೊಸದು ಯಾರಿಗೆ ಬೇಕಿತ್ತು? ಇನ್ನು ಕುಂಕುಮ ಹಚ್ಚುವುದು ಯಾವುದಕ್ಕೆ, ಅಪ್ಪನದೆಂದು ಉಳಿದ ಬರೀ ಹಿಡಿಗೆ? ಈಗಷ್ಟೇ ಒಂದು ಹಲಗೆಯ ಮೇಲಿಟ್ಟು ಎಳೆದು ನೋಡಿದೆ. ಜಾರಿತು. ಮತ್ತೆ ಎಳೆದೆ, ಮತ್ತೆ ಜಾರಿತು. ನೂಕಿದರೆ ಕೊಯ್ಯುತ್ತದೆ, ಗೊತ್ತು.

ನಾನು ನೂಕುವುದಿಲ್ಲ.